ಹುಣಸೆಮರಕ್ಕೆ ಬಳಿದ ಪಟ್ಟಿ

ಕಮಲಾಪುರ, ಶುಕ್ರವಾರ

ಕಲಬುರಗಿ ಜೈಲಿನಲ್ಲಿರುವ ಮರೆಪ್ಪ ಕಾಕಾನಿಗೆ ಅಂಜನಾಳ ಶರಣು.

ಮರ ಅಳೆಯಲು ಬಂದಿದ್ದ ಸಂಜುಕುಮಾರ ಸರ್ ಬದುಕಿದ್ದಾರೆ. ಆಸ್ಪತ್ರೆಯಲ್ಲಿ ಅವರ ಬಲಗೈಯನ್ನು ಮೊಣಕೈವರೆಗೆ ಕತ್ತರಿಸಿ ತೆಗೆದರು.

ಅಂದು ಮರಗಳನ್ನು ಕಡಿಯದೆ ಅವುಗಳ ತೂಕ ಅಂದಾಜು ಮಾಡುವ ಸರ್ವೆಗೆ ಆ ಹುಣಸೆಮರಕ್ಕೆ ನಾನೇ ಟೇಪು ಸುತ್ತಿ ಹಿಡಿದಿದ್ದೆ. ಅಳೆದ ಗುರುತಿಗೆ ಸರ್ ಎದೆಯೆತ್ತರದಲ್ಲಿ ಬಿಳಿ ಪಟ್ಟಿ ಬಳಿದರು. ಮರ ಕಡಿಸುವ ಸಾವುಕಾರರೂ ಅಲ್ಲೇ ಬಳಿಯುತ್ತಾರೆ. ನೀನು ಕೊಡಲಿ ಹಿಡಿದು ಓಡಿ ಬಂದೆ.

"ನನ್ನ ಮಗಳು ಮಣ್ಣಾಗ್ಯಾಳ ಇದರ ಬುಡದಾಗ. ಕಡಿಲಿಕ್ಕ ಗುರ್ತು ಹಾಕ್ತೀಯೇನಲೇ?"

"ಕಡಿಯಂಗಿಲ್ಲರೀ. ಸುತ್ತಳತಿ ನೋಡಿ ತೂಕ ಲೆಕ್ಕ ಹಾಕ್ತೀವಿ."

"ಕಡೀಲಾರದೇ ತೂಕ ಹ್ಯಾಂಗ ಗೊತ್ತಾಗ್ತದ? ಯಾರಿಗಿ ಹೇಳ್ತಿ?"

ನೀನು ಕೊಡಲಿಯಿಂದ ಹೊಡೆದೆ. ಸರ್ ಬಿದ್ದರು. ಬಿದ್ದವರಿಗೆ ನೀನು ಮತ್ತೊಮ್ಮೆ ಹೊಡೆದೆ. ರಕ್ತ ನನ್ನ ಬಾಯಿಗೂ ಸಿಡಿಯಿತು.

ನಿನ್ನೆ ನಿನ್ನ ಮಗ ಶಿವಶರಣ ಬಂದು ನನ್ನ ಅವ್ವನನ್ನು ಕೂದಲು ಹಿಡಿದು ಅಂಗಳಕ್ಕೆ ಎಳೆದ. "ನಿನ್ನ ಮಗಳು ಕೋರ್ಟಿನಾಗ ಏನೂ ನೋಡಿಲ್ಲ ಅನ್ನಬೇಕು. ಇಲ್ಲಂದ್ರ ಮನಿಗಿ ಬೆಂಕಿ ಹಚ್ತೀನಿ" ಎಂದ. ಅವ್ವನ ಹಲ್ಲು ಮುರಿದಿದೆ. ಅವನಿಗೆ ನೀನೇ ಬುದ್ಧಿ ಹೇಳು.

ಜನರ ಮುಂದೆ ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ಆದರೂ ಕೋರ್ಟಿನಲ್ಲಿ, ಮೊದಲ ಏಟು ಮಗಳನ್ನು ಕಳೆದುಕೊಂಡ ಸಂಕಟಕ್ಕೆ ಬಿತ್ತು ಎಂದು ಹೇಳುತ್ತೇನೆ. ಎರಡನೆಯದನ್ನೂ ಹೇಳುತ್ತೇನೆ. ಆಗ ದಯಮಾಡಿ ನನ್ನ ಕಡೆ ನೋಡಬೇಡ.

ನಿನ್ನ ಅಣ್ಣನ ಮಗಳು,
ಅಂಜನಾ