ಎಡಗಡೆ ಸೀಟಿನ ಬೆಲ್ಟು

ಶಿಕಾರಿಪುರ,
18 ಆಗಸ್ಟ್ 2024, ಭಾನುವಾರ

ಸ್ಪಂದನಳ ಅಪ್ಪಾಜಿಗೆ ಗಂಗಾ ಮಾಡುವ ಪ್ರೀತಿಯ ನಮಸ್ಕಾರ.

ಹೇಗಿದ್ದೀರಿ? ಕೈನಡುಕ ಕಡಿಮೆಯಾಯಿತೇ? ನಿದ್ದೆ ಬರುತ್ತಿದೆಯೇ? ಅಲ್ಲಿಯ ಊಟದಲ್ಲಿ ಖಾರ ಹೆಚ್ಚಿದ್ದರೆ ಮಜ್ಜಿಗೆ ಕೇಳಿ ಹಾಕಿಸಿಕೊಳ್ಳಿ, ಸಂಕೋಚ ಬೇಡ. ಕುಡಿತ ಬಿಡಿಸುವ ಕೇಂದ್ರದಲ್ಲಿ ಫೋನು ಕೊಡುವುದಿಲ್ಲ, ಬೇಕಾದರೆ ಪತ್ರ ಬರೆಯಿರಿ ಎಂದು ಆ ಮೇಡಂ ಹೇಳಿದಾಗ ನನಗೆ ನಗು ಬಂದಿತ್ತು. ಒಂದೇ ಮನೆಯಲ್ಲಿದ್ದವರು ನಾವು, ಪತ್ರ ಯಾವಾಗ ಬರೆದಿದ್ದೆವು? ನಿಮ್ಮ ಕಂದು ಸ್ವೆಟರು ಇಲ್ಲೇ ಉಳಿದಿದೆ. ನೀವಿರುವ ಧಾರವಾಡದ ಕಡೆ ಈಗ ಥಂಡಿ ಗಾಳಿ ಎಂದು ಕೇಳಿದೆ, ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ. ನಾವಿಬ್ಬರೂ ಆರಾಮ. ಸ್ಪಂದನ ಏಳನೇ ಕ್ಲಾಸಿನ ಗಣಿತದ ಮೇಲೆ ಮುನಿಸಿಕೊಂಡಿದ್ದಾಳೆ, ಅದು ಬಿಟ್ಟರೆ ಶಾಲೆಗೆ ಸರಿಯಾಗಿ ಹೋಗಿಬರುತ್ತಿದ್ದಾಳೆ. ನನ್ನ ಅಂಗನವಾಡಿಯಲ್ಲಿ ಹೊಸ ಮಕ್ಕಳು ಸೇರಿವೆ, ದಿನವಿಡೀ ಅಳು. ಆ ಮಕ್ಕಳಿಗೆ ಶಬ್ದ ಕಲಿಸುವವಳು ನಾನು. ಈ ತಿಂಗಳು ಮಾತ್ರ ನನಗೇ ಶಬ್ದಗಳು ತಿಳಿಯದೆ ತಲೆ ಗಿರ್ ಎನ್ನುತ್ತಿದೆ. ಎಲ್ಲಾ ನಿಮ್ಮ ಗಾಡಿಯ ದೆಸೆಯಿಂದ.

ನೀವು ಮನೆಯಿಂದ ಹೊರಡುವಾಗ, ಗಾಡಿ ನಿಂತಲ್ಲೇ ಹಾಳಾಗುತ್ತದೆ, ವಾರಕ್ಕೊಮ್ಮೆ ಯಾರ ಕೈಲಾದರೂ ಸ್ಟಾರ್ಟ್ ಮಾಡಿಸು ಎಂದಿರಿ. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ಕೈ ಹಿಡಿದು, "ನಾ ಬರೋದ್ರೊಳಗ ಆ ಗಾಡಿ ಮನಿಯಾಗ ಇರಬಾರ್ದು ಗಂಗಾ" ಎಂದಿರಿ. ಎರಡರಲ್ಲಿ ಯಾವ ಮಾತನ್ನು ಹಿಡಿಯಲಿ? ಬಸ್ಸು ಹೋಗಿಬಿಟ್ಟಿತು, ಕೇಳಲಾಗಲಿಲ್ಲ. ಮೊದಲು ಹೇಳಿದ್ದು ಮೊದಲು ಮಾಡೋಣ ಎಂದುಕೊಂಡು ಸಂತೆ ಮೈದಾನದ ಹತ್ತಿರದ ಗ್ಯಾರೇಜಿನ ಗುಡ್ಡಪ್ಪನವರನ್ನು ಕರೆಸಿದೆ. ಅವರು ಸ್ಟಾರ್ಟ್ ಮಾಡಿ, ಬಾನೆಟ್ಟು ಎತ್ತಿ, ಹೊಗೆ ನೋಡಿ, "ಅಕ್ಕಾರ, ಇದು ಭಾಳ ಕುಡಿಯಾಕ ಹತ್ತೈತಿ" ಎಂದರು. ಆ ಮಾತು ಕೇಳಿ ನನಗೆ ನೀವೇ ನೆನಪಾದಿರಿ. ಅವರಿಗೂ ಆಮೇಲೆ ಹೊಳೆಯಿತೇನೋ, ಬಾಯಿ ಕಚ್ಚಿಕೊಂಡು, "ಇಂಜಿನ್ ಆಯಿಲ್‌ರೀ, ಆಯಿಲ್ ಕುಡೀತೈತಿ" ಎಂದು ತಿದ್ದಿಕೊಂಡರು. ಯಾಕೆ ಎಂದರೆ, "ಬೋರು ಹೋಗೈತಿ" ಎಂದರು. ನಾನು ಯಾವ ಹೊಲದ್ದು ಎಂದು ಕೇಳಿಬಿಟ್ಟೆ! ನೀರಿನ ಬೋರಲ್ಲವಂತೆ, ಇಂಜಿನ್ನಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಆಡುವ ತೂತಂತೆ, ಅದು ಸವೆದಿದೆಯಂತೆ. ಸ್ಟೇರಿಂಗ್‌ನಲ್ಲಿ ಪ್ಲೇ ಇದೆ ಎಂದರು. ಪ್ಲೇ ಎಂದರೆ ಆಟವಲ್ಲವೇ ಎಂದೆ. "ಹೌದ್ರಿ, ಅದ ಆಟ. ಕೈ ತಿರುಗತೈತಿ, ಗಾಲಿ ಮಾತು ಕೇಳಂಗಿಲ್ಲ" ಎಂದರು. ನಾನು ಎಲ್ಲದಕ್ಕೂ ಹೂಂ ಎಂದೆ. ತಿಳಿದದ್ದು ಅರ್ಧವೂ ಇಲ್ಲ.

ಅಷ್ಟರಲ್ಲಿ ಪರಮಶಿವಪ್ಪ ಭಾವ ಬಂದರು. ನಿಮ್ಮ ಅಣ್ಣನ ಸ್ವಭಾವ ನಿಮಗೆ ಗೊತ್ತಲ್ಲ, ಚಪ್ಪಲಿ ಬಿಡುವ ಮೊದಲೇ ತೀರ್ಮಾನ ಹೇಳುತ್ತಾರೆ. ಇದನ್ನು ಮಾರಿ ಹೊಸದು ತೆಗೆದುಕೊಳ್ಳಿ ಎಂದು ಶುರುಮಾಡಿದರು. ಎಕ್ಸ್ ಶೋರೂಂ ಬೆಲೆ ಬೇರೆ, ಆನ್ ರೋಡ್ ಬೆಲೆ ಬೇರೆ ಎಂದರು. ಗಾಡಿ ರೋಡಿನ ಮೇಲಲ್ಲದೆ ಇನ್ನೆಲ್ಲಿ ಓಡುತ್ತದೆ ಭಾವ ಎಂದೆ. ಅವರಿಗೆ ಸಿಟ್ಟು ಬಂದು ದಾರಿ ಬದಲಿಸಿದರು. "ಹಂಗಾರ ಸೊರಬದ ಹೇಮಂತಗ ಲೀಸಿಗೆ ಕೊಡು. ಟ್ರಾವೆಲ್ಸ್ ಇಟ್ಟಾನ, ಒಳ್ಳೆ ಹುಡುಗ" ಎಂದರು. ಲೀಸು ಎಂದ ಕೂಡಲೇ ನನಗೆ ಧೈರ್ಯ ಬಂತು, ಒಂದಾದರೂ ಗೊತ್ತಿರುವ ಶಬ್ದ. ನಮ್ಮ ಪಕ್ಕದ ಮನೆಯವರು ಲೀಸಿಗೇ ಇರುವುದಲ್ಲವೇ? ಇಡುಗಂಟು ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಇಡುಗಂಟು ವಾಪಸು ತೆಗೆದುಕೊಂಡು ಹೋಗುವುದು. ಹಿರಿಯರು ಭೋಗ್ಯ ಎನ್ನುತ್ತಿದ್ದರಲ್ಲ, ಅದೇ ಎಂದುಕೊಂಡು ಸೊರಬದ ಬಸ್ಸು ಹತ್ತಿದೆ.

ಹೇಮಂತನ ಆಫೀಸು ಸೊರಬದ ಬಸ್‌ಸ್ಟ್ಯಾಂಡಿನ ಎದುರಿಗೇ ಇದೆ, ಅಡಿಕೆ ಮಂಡಿಯ ಮಹಡಿ ಮೇಲೆ. ಹುಡುಗ ಮರ್ಯಾದಸ್ಥ, ಕುರ್ಚಿ ಒರೆಸಿ ಕೂರಿಸಿದ. ನಾನು ಭೋಗ್ಯದ ಮಾತೆತ್ತಿದರೆ, "ಅದು ಮನೆ ಲೀಸು ಅಕ್ಕ, ಇದು ಗಾಡಿ ಲೀಸು. ಹೆಸರೊಂದೇ, ಲೆಕ್ಕ ಬೇರೆ. ಗಾಡಿ ನಿಮ್ದೇ, ಓಡ್ಸದು ನಾವು, ತಿಂಗಳಿಗಿಷ್ಟು ಅಂತ ಬಾಡಿಗೆ ಬರ್ತದೆ" ಎಂದ. ಹಾಗಾದರೆ ಲೀಸು ಎಂದರೂ ಬಾಡಿಗೆ ಎಂದರೂ ಒಂದೇ ತಾನೇ ಎಂದರೆ, ಅಲ್ಲ ಎಂದ. ಅಗ್ರಿಮೆಂಟಿನಲ್ಲಿ ಸವಕಳಿ ಮಾಲೀಕರದ್ದು, ಡ್ಯಾಮೇಜು ಬಾಡಿಗೆದಾರರದ್ದು ಎಂದಿತ್ತು. ಬ್ರೇಕು ಸವೆದು, ಅದರಿಂದ ಗಾಡಿ ಡ್ಯಾಮೇಜಾದರೆ ಅದು ಯಾರದ್ದು ಎಂದು ಕೇಳಿದೆ. ತಲೆ ಕೆರೆದುಕೊಂಡು, "ಅದನ್ನ ಇದ್ರಾಗೆ ಬರ್ದಿಲ್ಲಲ ಅಕ್ಕ" ಎಂದು ನಕ್ಕ. ನನಗೆ ತುಸು ಸಮಾಧಾನವಾಯಿತು, ತಿಳಿಯದವಳು ನಾನೊಬ್ಬಳೇ ಅಲ್ಲವಲ್ಲ. ಆಮೇಲೆ ಹೇಳಿದ, ಕುಬಟೂರಿನ ಕಡೆಯಿಂದ ಶಾಲೆ ಮಕ್ಕಳನ್ನು ಕರೆತರುವ ಕೆಲಸ ಅವನಿಗೆ ಸಿಕ್ಕಿದೆ, ನಮ್ಮ ಗಾಡಿ ಅದಕ್ಕೇ ಬೇಕು ಎಂದು. ಹಾಗಾಗಿ ಇದು ಆಕ್ಸಿಡೆಂಟ್ ಆಗದ ಗಾಡಿ ಎಂದು ನಿಮ್ಮ ಪರವಾಗಿ ನಾನು ಸಹಿ ಹಾಕಬೇಕು.

ಅಲ್ಲಿ ನನ್ನ ಪೆನ್ನು ನಿಂತಿತು. ಏಪ್ರಿಲ್‌ನಲ್ಲಿ ನೀವು ಕುಪ್ಪಗಡ್ಡೆಯ ನೀಲಾಂಬಿಕ ಅತ್ತಿಗೆಯ ಮನೆಯಿಂದ ಬರುವಾಗ ಎಮ್ಮೆ ಅಡ್ಡ ಬಂದು, ಗಾಡಿ ಮೋರಿಯ ಕಟ್ಟೆಗೆ ತಾಗಿತಲ್ಲ. ಒಬ್ಬನೇ ಇದ್ದೆ, ಏನೂ ಆಗಲಿಲ್ಲ, ಬಂಪರ್ ಮಾತ್ರ ಎಂದಿದ್ದಿರಿ. ಎಮ್ಮೆ ಅಡ್ಡ ಬಂದರೆ ಆಕ್ಸಿಡೆಂಟೇ, ಅಲ್ಲವೇ? ಹೇಮಂತನನ್ನು ಕೇಳಿದೆ. ಬಂಪರಿಗೆ ತಾಗಿದರೆ ಆಕ್ಸಿಡೆಂಟಲ್ಲ, ಅಡಿಯ ಚೌಕಟ್ಟಿಗೆ, ಅಂದರೆ ಚಾಸಿಸ್ಸಿಗೆ, ಪೆಟ್ಟಾಗಿದ್ದರೆ ಆಕ್ಸಿಡೆಂಟ್ ಎಂದ. ಮನುಷ್ಯರಿಗೆ ಪೆಟ್ಟಾದರೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. "ಯಾವ್ದಕ್ಕೂ ನಿಮ್ಮ ಮೆಕ್ಯಾನಿಕ್ ಹತ್ರ ತೋರ್ಸ್ಕಂಡು ಬನ್ನಿ ಅಕ್ಕ, ಗಡಿಬಿಡಿ ಇಲ್ಲ" ಎಂದು ಚಹಾ ಕುಡಿಸಿ ಕಳಿಸಿದ.

ಮರುದಿನ ಗುಡ್ಡಪ್ಪನವರು ಗಾಡಿಯನ್ನು ಗ್ಯಾರೇಜಿಗೆ ಒಯ್ದು, ಅದರ ಕೆಳಗೆ ನುಸುಳಿ ನೋಡಿದರು. ಚಾಸಿಸ್ಸು ನೆಟ್ಟಗಿದೆ ಎಂದರು. ನಾನು ದೇವರ ಹೆಸರು ಹೇಳಿ ಕೈ ಮುಗಿದೆ, ಇನ್ನು ಸಹಿ ಹಾಕಬಹುದು ಎಂದು. ಮಕ್ಕಳು ಕೂರುವ ಗಾಡಿ ಎಂದು ಅವರು ಬಾಗಿಲು, ಲಾಕು, ಬೆಲ್ಟು ಎಲ್ಲ ಎಳೆದೆಳೆದು ನೋಡುತ್ತಿದ್ದರು. ಮುಂದಿನ ಎಡಗಡೆ ಸೀಟಿನ ಬೆಲ್ಟಿಗೆ ಬಂದಾಗ ಅದು ಅರ್ಧದಲ್ಲಿ ನಿಂತಿತ್ತು, ಒಳಗೂ ಹೋಗದು, ಹೊರಗೂ ಬಾರದು. "ಇದು ಹಿಡಕೊಂಡು ಲಾಕ್ ಆಗೈತಿ ಅಕ್ಕಾರ. ಎಡಕ್ಕ ಯಾರು ಕುಂತಿದ್ರು?" ಎಂದರು. ಯಾರೂ ಇರಲಿಲ್ಲ, ನಮ್ಮವರೊಬ್ಬರೇ ಎಂದೆ. ಅವರು ಬೆಲ್ಟಿನ ಪಟ್ಟಿ ತೋರಿಸಿದರು, ಒಂದು ಕಡೆ ನೂಲು ಬಿಟ್ಟು ಜಗ್ಗಿತ್ತು. "ಖಾಲಿ ಸೀಟಿನ ಬೆಲ್ಟು ಹಿಂಗ ಜಗ್ಗಂಗಿಲ್ರಿ" ಎಂದರು. ನನ್ನ ಮುಖ ನೋಡಿ, ನಟ್ಟು ಬಿಚ್ಚುವ ಪಾನಾ ಹುಡುಕುವವರಂತೆ ಆಚೆ ಹೋದರು.

ಆಮೇಲೆ ನನ್ನ ತಲೆಯಲ್ಲಿ ಏನೇನು ಓಡಿತೋ ಬರೆಯುವುದಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿನ ನಿಮ್ಮ ಗೆಳೆಯರಲ್ಲಿ ಯಾರೋ ಎಂದುಕೊಂಡೆ. ಅವರಾದರೆ ಮುಚ್ಚಿಡುವುದೇಕೆ? ಹೆಂಗಸೇ ಎಂದುಕೊಂಡೆ, ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಎಂದುಕೊಂಡೆ. ಭಾವನವರನ್ನು ಕೇಳಿದರೆ, "ಗಂಡಸು ಊರಾಗ ಇಲ್ಲದಾಗ ಹಳೇದು ಕೆದಕಬ್ಯಾಡ" ಎಂದರು. ಕೆದಕಿದ್ದು ನಾನಲ್ಲ, ಬೆಲ್ಟು ತಾನೇ ನಿಂತಿತ್ತು. ಕೊನೆಗೆ ಹೇಮಂತನಿಗೆ ಫೋನು ಮಾಡಿ, ಇದು ಆಕ್ಸಿಡೆಂಟ್ ಆದ ಗಾಡಿ, ಕೊಡುವುದಿಲ್ಲ ಎಂದೆ. ಬೆಲ್ಟು ಬದಲಿಸಿದರೆ ಸಾಕಲ್ಲ, ಚಾಸಿಸ್ಸು ಸರಿ ಇದೆಯಲ್ಲ ಎಂದ. ನನಗೆ ಸಹಿ ಹಾಕಲು ಕೈ ಬರುವುದಿಲ್ಲ ಎಂದೆ. "ಆತು ಬಿಡಿ ಅಕ್ಕ, ಹೇಳಿದ್ದು ಒಳ್ಳೇದಾತು" ಎಂದ.

ಈಗ ಗಾಡಿ ಗುಡ್ಡಪ್ಪನವರ ಶೆಡ್ಡಿನಲ್ಲೇ ಇದೆ. ಹೊಸ ಬೆಲ್ಟು ಹಾಕಿದ್ದಾರೆ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತಾರೆ. ಮನೆಯಲ್ಲೂ ಇಲ್ಲ, ಹಾಳಾಗುವುದೂ ಇಲ್ಲ, ನಿಮ್ಮ ಎರಡು ಮಾತೂ ನಡೆದಂತಾಯಿತು. ಮುಂದೆ ಮಾರುವುದೋ ಇಟ್ಟುಕೊಳ್ಳುವುದೋ ನನಗಂತೂ ತಿಳಿಯದು. ನೀವು ಬಂದು, ಆ ಶೆಡ್ಡಿನ ಮುಂದೆ ನಿಂತು, ನಿಮ್ಮ ಕೈ ಸ್ಟೇರಿಂಗ್ ಕಡೆ ಹೋಗುತ್ತದೋ ಬಾಟ್ಲಿ ಕಡೆ ಹೋಗುತ್ತದೋ ನೋಡಿದ ಮೇಲೆ ಆ ಮಾತು. ಕಟುವಾಯಿತೇನೋ, ಬರೆದದ್ದನ್ನು ಹೊಡೆದು ಹಾಕುವುದಿಲ್ಲ, ಇರಲಿ.

ಅಲ್ಲಿ ಹೇಳಿದ ಗುಳಿಗೆ ತಪ್ಪಿಸಬೇಡಿ. ಬೆಳಿಗ್ಗೆ ಬಿಸಿನೀರು ಕುಡಿಯಿರಿ. ನೀಲಾಂಬಿಕ ಅತ್ತಿಗೆ ನಿಮ್ಮನ್ನು ಕೇಳಿದ್ದಾಗಿ ಬರೆ ಎಂದಿದ್ದಾರೆ. ಪಕ್ಕದ ಮನೆಯವರೂ ಕೇಳುತ್ತಾರೆ, ಟ್ರೈನಿಂಗಿಗೆ ಹೋಗಿದ್ದಾರೆ ಎಂದು ಹೇಳಿದ್ದೇನೆ, ಅದು ಸುಳ್ಳೂ ಅಲ್ಲ. ಶಿವ ನಿಮಗೆ ಗಟ್ಟಿ ಮನಸ್ಸು ಕೊಡಲಿ, ಮೈಯೂ ಗಟ್ಟಿಯಾಗಲಿ.

ಇಂತಿ ನಿಮ್ಮ ದಾರಿ ನೋಡುವ,
ಗಂಗಾಶ್ರೀ

ಮತ್ತೆ: ಲಕೋಟೆ ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಬರೆಯಲು ಧೈರ್ಯವಿರಲಿಲ್ಲ. ಎಡಗಡೆ ಕೂತಿದ್ದು ಸ್ಪಂದನ. ಮೊನ್ನೆ ಗ್ಯಾರೇಜಿನಲ್ಲಿ ಬಿಚ್ಚಿ ಹಾಕಿದ್ದ ಆ ಹಳೆಯ ಬೆಲ್ಟು ನೋಡಿ ನಿಂತಲ್ಲೇ ಅತ್ತುಬಿಟ್ಟಳು. ಏಪ್ರಿಲ್‌ನಲ್ಲಿ ನೀಲಾಂಬಿಕ ಅತ್ತೆ ಮನೆಯ ಜೋಕಾಲಿಯಿಂದ ಬಿದ್ದೆ ಎಂದು ನನ್ನ ಕೈಲಿ ಎಡಹೆಗಲಿಗೆ ಎಣ್ಣೆ ಹಚ್ಚಿಸಿಕೊಂಡಿದ್ದಳಲ್ಲ, ಅದು ಬೆಲ್ಟು ಒತ್ತಿದ ಗುರುತು. ಎಮ್ಮೆ ಇರಲಿಲ್ಲವಂತೆ. ಗುದ್ದಿದ ಮೇಲೆ ಅವಳನ್ನು ಬಸ್ಸು ಹತ್ತಿಸಿ, "ಅಮ್ಮಗ ಹೇಳಿದ್ರ ನಮ್ಮನ್ನ ಬಿಟ್ಟು ಹೋಗ್ತಾಳ" ಎಂದಿರಂತೆ. ನಾನು ಎಲ್ಲಿಗೂ ಹೋಗಿಲ್ಲ, ಇಲ್ಲೇ ಕೂತು ಬರೆಯುತ್ತಿದ್ದೇನೆ. ನನ್ನ ಸಿಟ್ಟು ನೀವು ಬರುವವರೆಗೆ ಇರುತ್ತದೆ, ಅದರ ಚಿಂತೆ ಬಿಡಿ. ಆದರೆ ಆ ಹುಡುಗಿ ಈಗ, "ನಾನು ಮಾತು ಮುರಿದೆ, ಅಪ್ಪಾಜಿ ಇನ್ನು ಮನೆಗೆ ಬರಲ್ಲ" ಎಂದು ಊಟ ಬಿಟ್ಟು ಕೂತಿದ್ದಾಳೆ. ನನಗೆ ಉತ್ತರ ಬೇಡ. ಅವಳ ಹೆಸರಿಗೆ, ಇದು ತಲುಪಿದ ದಿನವೇ, ಒಂದು ಪತ್ರ ಬರೆಯಿರಿ. ನೀನು ಹೇಳಿದ್ದು ಸರಿ, ನಾನು ಹೇಳಬೇಡ ಎಂದದ್ದು ತಪ್ಪು ಎಂದು ನಿಮ್ಮ ಕೈಯಾರೆ ಬರೆಯಿರಿ. ಕೈ ನಡುಗಿ ಅಕ್ಷರ ಸೊಟ್ಟಗಾದರೂ ಅವಳು ಓದಿಕೊಳ್ಳುತ್ತಾಳೆ.