ಉಬ್ಬನ್ನು ಒರಟು ಎಂದವರಿಗೆ

ಎರಡನೆಯ ಅಧಿಕ ಕಾರ್ತಿಕದ ಮೂವತ್ತೊಂದನೆಯ ದಿನ, ಕ್ರಿ.ಶ. ೨೩೯೧
ಮೇಲ್ಬಂಡೆ ಊರು

ಶತಮಾನಗಳ ಹಿಂದೆ ಚುಕ್ಕಿಮೋಡದಿಂದ ಒರಟುತನ ಅಳೆಯುವ ನಿಯಮ ಬರೆದ ಹಿರಿಯರಿಗೆ, ಗಾದಿಲಿಂಗನ ನಮಸ್ಕಾರ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ಇಲ್ಲಿ ಮೈಗಾರ. ಅಂದರೆ ನಡೆಯುವ ನೆಲದ ಮೈ ಅಳೆಯುವವನು. ಕೆಳಗಿನ ಬಯಲೆಲ್ಲ ನೀರಾದ ಮೇಲೆ ನಮ್ಮ ಊರು ಬಂಡೆಗಳ ಮೇಲಿದೆ. ಮನೆಯಿಂದ ಮನೆಗೆ, ಒಲೆಯಿಂದ ತೊಟ್ಟಿಗೆ, ಎಲ್ಲಿಗೆ ಹೋದರೂ ಕಲ್ಲಿನ ಮೇಲೆ ಬರಿಗಾಲು. ಬಂಡೆಯ ಮೇಲೆ ಬೆಳಕು ಬಿಟ್ಟು ಲಕ್ಷಾಂತರ ಚುಕ್ಕಿಗಳನ್ನು ಹಿಡಿಯುತ್ತೇವೆ, ಅದೇ ಚುಕ್ಕಿಮೋಡ. ಅದರ ನಡುವೆ ಒಂದು ಚಪ್ಪಟೆ ಹಾಳೆ ಹಾಯಿಸಿದಂತೆ ಲೆಕ್ಕ ಹಾಕಿ, ಪ್ರತಿ ಚುಕ್ಕಿ ಆ ಹಾಳೆಯಿಂದ ಎಷ್ಟು ದೂರವಿದೆ ಎಂದು ನೋಡಿ ಸರಾಸರಿ ತೆಗೆದರೆ ಒರಟುತನ ಸಿಗುತ್ತದೆ. ಇದು ನೀವೇ ಕಲಿಸಿದ್ದು. ಇಡೀ ಬಂಡೆಗೆ ಒಂದೇ ಹಾಳೆ ಎಂದಿರಿ. ಅಲ್ಲ ಸ್ವಾಮಿ, ನೀವು ಬಂಡೆಯನ್ನೇ ನೋಡಿರಲಿಲ್ಲವೇ? ನಮ್ಮ ನಡುಬಂಡೆ ಹಂಡೆಯ ಬೆನ್ನಿನಂತೆ ಉಬ್ಬಿದೆ, ಅಷ್ಟೇ ನುಣುಪಾಗಿದೆ. ಆ ಉಬ್ಬೆಲ್ಲ ಒರಟುತನದ ಲೆಕ್ಕಕ್ಕೆ ಸೇರಿ, ಕಾಲು ನಿಲ್ಲದ ಕಲ್ಲು ನಿಮ್ಮ ಅಳತೆಯಲ್ಲಿ ತುರಿಯುವ ಮಣೆಯಾಗಿ ಕೂತಿದೆ.

ಕಳೆದ ವಾರ ನನ್ನ ಸೋದರತ್ತೆ ಹಂಪಮ್ಮ ಅಲ್ಲಿ ಜಾರಿ ಬಿದ್ದಳು. ಬಂಡೆಯಾಚೆ ಅವಳ ತಂಗಿ ಇದ್ದಾಳೆ, ಹಾಸಿಗೆ ಹಿಡಿದಿದ್ದಾಳೆ; ಅತ್ತೆ ದಿನಾ ಅವಳಿಗೆ ಗಂಜಿ ಒಯ್ಯುತ್ತಿದ್ದಳು. ಒರಟು, ಅಂದರೆ ಜಾರದ ನೆಲ, ಎಂದು ಮುದ್ರೆ ಬಿದ್ದ ಕಡೆ ಬಿದ್ದರೆ ತಪ್ಪು ಕಾಲಿನದು ಎಂಬುದು ನಮ್ಮ ಕಾನೂನು. ಅಂಥವರು ಇನ್ನು ನಡೆಯುವಂತಿಲ್ಲ, ಕೂರುಬಂಡಿಯಲ್ಲೇ ತಿರುಗಬೇಕು. ಕೂರುಬಂಡಿಗೆ ನಡುಬಂಡೆ ಹತ್ತಲು ಅಪ್ಪಣೆ ಇಲ್ಲ. ಯಾಕೆಂದು ಕೇಳಿದೆ. ಅಲ್ಲಿ ಚಕ್ರ ಜಾರುತ್ತದಂತೆ! ಇದನ್ನು, ಯಾರು ನಡೆಯಬಹುದೆಂದು ತೀರ್ಮಾನಿಸುವ ನಡೆ ಅಧಿಕಾರಿ ಪಂಪಾಪತಿ, ಮುಖ ಒಂದಿಷ್ಟೂ ಸಡಿಲಿಸದೆ ಹೇಳಿದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ನಾನು ಗೇಣುಗೇಣಿಗೆ ಬೇರೆ ಬೇರೆ ಹಾಳೆ ಹಾಯಿಸಿ ಮತ್ತೆ ಅಳೆದೆ. ಉಬ್ಬು ಲೆಕ್ಕದಿಂದ ಹೊರಗೆ ಹೋಯಿತು, ಒರಟುತನ ನೆಲ ಕಚ್ಚಿತು. ಪಂಪಾಪತಿಯವರಿಗೆ ತೋರಿಸಿದರೆ, ಹಿರಿಯರ ನಿಯಮದಲ್ಲಿ ಗೇಣಿನ ಮಾತೇ ಇಲ್ಲ ಎಂದರು. ನಿಮ್ಮ ನಿಯಮಕ್ಕೆ ಇಲ್ಲಿ ಹೂವು ಏರಿಸುತ್ತಾರೆ, ಅದನ್ನು ಯಾರೂ ತಿದ್ದುವಂತಿಲ್ಲ.

ಅತ್ತೆ ಅವರ ಮುಂದೆ ಒಂದೇ ಮಾತು ಆಡಿದಳು: "ಯಪ್ಪಾ, ತಪ್ಪು ನನ್ ಕಾಲಿಂದೇ ಇರ್ಲಿ. ನನ್ ತಂಗೀಗೆ ಗಂಜಿ ಯಾರು ಒಯ್ತಾರ?"

ನಾನು ಒಯ್ಯುತ್ತೇನೆ, ಅದು ಬೇರೆ ಮಾತು. ಆದರೆ ತಂಗಿ ಕೇಳುವುದು ಗಂಜಿಯನ್ನಲ್ಲ, ಅಕ್ಕನನ್ನು.

ಅದಕ್ಕೇ ಬೇಡುತ್ತಿದ್ದೇನೆ. ಒಂದು ಸಾಲು ಸೇರಿಸಿ: ಮೊದಲು ಉಬ್ಬನ್ನು ಕಳೆಯಿರಿ, ಆಮೇಲೆ ಒರಟು ಅಳೆಯಿರಿ. ನೀವು ನಿಮ್ಮ ಕಾಲದಲ್ಲಿ ಬರೆದರೆ ಇಲ್ಲಿ ನಮ್ಮ ಹಳೆಯ ಪ್ರತಿಯಲ್ಲೂ ಅದು ಇರಲೇಬೇಕಲ್ಲ. ಈ ಪತ್ರ ಬರೆಯುತ್ತಾ ನಾಲ್ಕು ಸಲ ಆ ಪ್ರತಿ ತೆಗೆದು ನೋಡಿದೆ. ಈಗಲೂ ನೋಡಿದೆ. ಆ ಸಾಲು ಇನ್ನೂ ಇಲ್ಲ. ಏನು ಮಾಡುತ್ತಿದ್ದೀರಿ ನೀವು? ಅತ್ತೆಯ ಕೂರುಬಂಡಿ ಬಾಗಿಲಿಗೆ ಬಂದು ನಿಂತಿದೆ.