ಎಲ್ಲರ ಆಳಿನ ಹೆಂಡತಿ

ಮಾರ್ಚ್ ೧೧, ಸೋಮವಾರ ಮಧ್ಯಾಹ್ನ

ನನ್ನ ಮುದ್ದಿನ ತಂಗಿಗೆ,

ಕರ್ತನ ಕೃಪೆ ನಿನ್ನ ಮನೆಯಲ್ಲಿ ತುಂಬಿರಲಿ. ನನ್ನ ಮನೆಯಲ್ಲಿ ಸದ್ಯಕ್ಕೆ ತುಂಬಿರುವುದು ನನ್ನ ಸಿಟ್ಟು ಒಂದೇ.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ. ಊದಿಸಿಕೋ, ನ್ಯಾಯವೇ. ಮೊಮ್ಮಗಳನ್ನು ನೋಡಲು ಬರುತ್ತೇವೆಂದು ಹೇಳಿ ಎರಡು ಸಲವೂ ಬರಲಿಲ್ಲ. ಮೊದಲನೇ ಸಲ ಬಾಗಿಲಿಗೆ ಬೀಗ ಹಾಕುತ್ತಿರುವಾಗ, ನಮ್ಮ ಸಭೆಯ ದರ್ಜಿಯ ತಾಯಿ ತೀರಿಕೊಂಡರೆಂದು ಫೋನ್ ಬಂತು. ಸರಿ, ಸಾವು ಯಾರನ್ನು ಕೇಳಿ ಬರುತ್ತದೆ? ಎರಡನೇ ಸಲ ಯಾರೂ ಸಾಯಲಿಲ್ಲ. ಚರ್ಚಿನ ಶೌಚಾಲಯ ಕಟ್ಟಿಕೊಂಡಿತ್ತು. ನಿನ್ನ ಮೊಮ್ಮಗಳಿಗಿಂತ ಅದು ಹೆಚ್ಚಾಯಿತು ಎಂದು ಯಾವ ಮುಖ ಹೊತ್ತು ಬರೆಯಲಿ ಹೇಳು? ಅದಕ್ಕೇ ಸುಮ್ಮನಿದ್ದೆ.

ನಿನ್ನ ಭಾವನ ಸ್ವಭಾವ ನಿನಗೆ ಗೊತ್ತಿಲ್ಲದ್ದೇನಲ್ಲ. ಡಿಪೋದಲ್ಲಿ ಬಸ್ಸುಗಳ ವೈರಿಂಗ್ ನೋಡಿಕೊಂಡು ತಮ್ಮ ಪಾಡಿಗೆ ಇದ್ದ ಮನುಷ್ಯ. ಸಭೆಯವರು ಅವರನ್ನು ಹಿರಿಯರ ಮಂಡಳಿಗೆ ಅಧ್ಯಕ್ಷರನ್ನಾಗಿ ಮಾಡಿದಾಗ ನಾನು ಎಷ್ಟು ಹಿಗ್ಗಿದ್ದೆ! ಅಧ್ಯಕ್ಷರ ಹೆಂಡತಿಯೆಂದು ಹೊಸ ಚಪ್ಪಲಿ ಕೂಡ ಕೊಂಡೆ. ಅವರೋ, ದೊಡ್ಡವನಾಗಬೇಕೆನ್ನುವವನು ಎಲ್ಲರ ಆಳಾಗಲಿ ಎಂದು ಸ್ವಾಮಿ ಹೇಳಿದ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬೇರೆಯವರು ಆ ಮಾತಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಇವರು ಪೊರಕೆ ತೆಗೆದುಕೊಂಡರು. ಇವರು ಎಲ್ಲರ ಆಳಾದರೆ ನಾನು ಏನಾದೆ, ಯೋಚನೆ ಮಾಡು.

ಊಟಕ್ಕೆ ಕೂತರೆ ಸಾಕು, ಫೋನ್. "ಅಧ್ಯಕ್ಷರಿದ್ದಾರಾ?" ಎನ್ನುವವರು ಪ್ರಾರ್ಥನೆಗೆ ಕರೆಯುತ್ತಾರೆಂದುಕೊಂಡೆಯಾ? ಫ್ಯಾನ್ ತಿರುಗುತ್ತಿಲ್ಲ, ಅತ್ತೆಯನ್ನು ಆಸ್ಪತ್ರೆಗೆ ಬಿಡಬೇಕು, ಮಗ ಮಾತು ಕೇಳುತ್ತಿಲ್ಲ. "ತಟ್ಟೆ ಮುಚ್ಚಿಡು, ಈಗ ಬಂದೆ" ಎಂದು ಇವರು ಎದ್ದೇಬಿಡುತ್ತಿದ್ದರು. ಹಾಗೆ ಮುಚ್ಚಿಟ್ಟ ತಟ್ಟೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟಿದ್ದರೆ ಚರ್ಚಿನ ಗೋಪುರ ಮುಟ್ಟುತ್ತಿತ್ತು.

ಆ ಶೌಚಾಲಯದ ದಿನದ ಕಥೆ ಕೇಳು. ಅವತ್ತೇ ದೊಡ್ಡ ಅಯ್ಯನವರು, ಅಂದರೆ ಈ ಕಡೆಯ ಸಭೆಗಳನ್ನೆಲ್ಲ ನೋಡಿಕೊಳ್ಳುವವರು, ನಮ್ಮಲ್ಲಿಗೆ ಮೊದಲ ಸಲ ಬರುವವರಿದ್ದರು. ಪೈಪು ಸರಿಮಾಡುವವನು ಕೈಕೊಟ್ಟ. ಇವರು ಪ್ಯಾಂಟು ಮಡಚಿ, ಉದ್ದನೆಯ ಸರಳು ಹಿಡಿದು ತಾವೇ ನಿಂತರು. ಅಷ್ಟರಲ್ಲಿ ಹೇಳಿದ ಹೊತ್ತಿಗಿಂತ ಮೊದಲೇ ಕಾರು ಬಂದಿತು. ಇಳಿದವರಿಗೆ ಕಂಡದ್ದು ಇವರೊಬ್ಬರೇ. ಬ್ಯಾಗನ್ನು ಇವರ ಕಡೆ ಚಾಚಿ, "ಇದನ್ನ ಒಳಗಿಟ್ಟು, ನಿಮ್ಮ ಅಧ್ಯಕ್ಷರನ್ನ ಸ್ವಲ್ಪ ಕರೆಯಪ್ಪಾ" ಎಂದರಂತೆ. ಇವರು ಅಂಗಿಗೆ ಕೈ ಒರೆಸಿಕೊಂಡು ಬ್ಯಾಗು ಒಳಗಿಟ್ಟು, ಕೈಕಾಲು ತೊಳೆದು, ತಿರುಗಿ ಬಂದು "ಕರೆದ್ರಂತಲ್ಲ ಅಯ್ಯನವರೇ" ಎಂದು ನಿಂತರಂತೆ!

ದೊಡ್ಡ ಅಯ್ಯನವರು ಬಿದ್ದು ಬಿದ್ದು ನಕ್ಕು ಇವರನ್ನು ತಬ್ಬಿಕೊಂಡರು. ನಗದವರು ನಮ್ಮವರೇ. "ಸಭೆಯ ಮಾನ ಮೂರಾಬಟ್ಟೆ ಆಯ್ತು" ಎಂದು ಮೊದಲು ಕೂಗಿದ್ದು ಬೇಕರಿಯವನು. ಅವನ ಅತ್ತೆಯನ್ನು ಮಹಡಿಯಿಂದ ಕುರ್ಚಿ ಸಮೇತ ಇಳಿಸಿ ಆಸ್ಪತ್ರೆಗೆ ಸೇರಿಸಿದ್ದು ಇವರೇ ಕಣೇ. "ಮುಂದಾಳು ಅಂದ್ರೆ ನಾಲ್ಕು ಜನರೆದುರು ನೆಟ್ಟಗೆ ನಿಂತು ಮಾತಾಡ್ಬೇಕು. ಇವರು ಯಾವಾಗ ನೋಡಿದ್ರೂ ಬಗ್ಗಿಕೊಂಡೇ ಇರ್ತಾರೆ" ಎಂದ. ಇವರ ಬಗ್ಗಿದ ಬೆನ್ನಿನಿಂದ ಉಪಕಾರ ಪಡೆದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು.

ಅದರ ಮುಂದಿನ ವಾರ ಆರಾಧನೆ ಮುಗಿದ ಮೇಲೆ ಮೀಟಿಂಗ್ ಕರೆದು, ಅಧ್ಯಕ್ಷಗಿರಿಗೆ ಇವರ ಎದುರು ಗಂಟೆ ಮೇಷ್ಟ್ರನ್ನು ನಿಲ್ಲಿಸಿದರು. ನಿವೃತ್ತ ಮೇಷ್ಟ್ರು, ದನಿ ಗಂಟೆ ಬಾರಿಸಿದ ಹಾಗೆ. ಕೆಟ್ಟವರೇನಲ್ಲ. ಇಸ್ತ್ರಿ ಮುರಿಯದಂತೆ ಬದುಕುವ ಮನುಷ್ಯ, ಅಷ್ಟೇ. ಕೈ ಎತ್ತಿಸಿ ಎಣಿಸಿದರು. ಮೇಷ್ಟ್ರು ಗೆದ್ದರು. ನಿನ್ನ ಭಾವ ಬೀಗದ ಕೈ ಗೊಂಚಲನ್ನು ಅವರಿಗೊಪ್ಪಿಸಿ, ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಮುಖದಲ್ಲಿ ಒಂದು ಗೆರೆ ಕೂಡ ಅಲುಗಲಿಲ್ಲ.

ಹೋಗಲಿ, ಇನ್ನಾದರೂ ಮನೆಯಲ್ಲಿರುತ್ತಾರೆ, ನಿನ್ನ ಮನೆಗೂ ಬರಬಹುದು ಎಂದುಕೊಂಡೆ. ನಿನ್ನೆ ಭಾನುವಾರ ನಾನು ಏಳುವಷ್ಟರಲ್ಲಿ ಹಾಸಿಗೆ ಖಾಲಿ. ಚರ್ಚಿಗೆ ಹೋಗಿ ನೋಡಿದರೆ ಅದೇ ಶೌಚಾಲಯದಲ್ಲಿ ಬಕೆಟ್ಟು ಹಿಡಿದು ನಿಂತಿದ್ದಾರೆ!

"ಏನ್ರೀ ಇದು? ಅಧ್ಯಕ್ಷಗಿರಿ ಹೋಯ್ತಲ್ಲ?"

"ಅದು ಹೋಯ್ತು. ಇದು ಇಲ್ಲೇ ಇದೆಯಲ್ಲೇ."

"ಬೇರೆ ಯಾರಾದ್ರೂ ತೊಳೀಲಿ."

"ತೊಳೀತಾರೆ. ಇವತ್ತು ನಾನು ಮೊದಲು ಬಂದೆ."

"ನಿಮ್ಮನ್ನ ಕಿತ್ತು ಎಸೆದವರು ಕಣ್ರೀ ಅವರು!"

"ಎಸೆದವರಿಗೂ ಅರ್ಜೆಂಟಾಗುತ್ತಲ್ಲ."

ನನಗೂ ನಗು ಬಂತು. ಅದಕ್ಕೇ ಇನ್ನಷ್ಟು ರೇಗಿಹೋಯಿತು. ಗೋಡೆಗೆ ಗುದ್ದಿದರೆ ಕೈಯಾದರೂ ನೋಯುತ್ತದೆ. ಇವರ ಜೊತೆ ಜಗಳ ಆಡುವುದೆಂದರೆ ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ನಾನೂ ವಿಶ್ವಾಸಿಯೇ, ಸ್ವಾಮಿ ಶಿಷ್ಯರ ಕಾಲು ತೊಳೆದದ್ದು ನನಗೂ ಗೊತ್ತು. ಆದರೆ ಸ್ವಾಮಿಗೆ ಮನೆಯಲ್ಲಿ ಹೆಂಡತಿ ತಟ್ಟೆ ಮುಚ್ಚಿಟ್ಟು ಕಾಯುತ್ತಿರಲಿಲ್ಲ. ಈ ಸಾಲನ್ನು ನಿನ್ನ ಗಂಡನಿಗೆ ಓದಿ ಹೇಳಬೇಡ. ನಿಮ್ಮಕ್ಕನ ನಂಬಿಕೆ ಕೆಟ್ಟಿತು ಎಂದಾರು. ಕೆಟ್ಟಿಲ್ಲ. ದಣಿದಿದೆ.

ಮಗುವಿಗೆ ಹಲ್ಲು ಬರುತ್ತಿದೆ ಎಂದು ಬರೆದಿದ್ದೀಯ. ಬರಲಿ, ಗಟ್ಟಿಯಾಗಿ ಬರಲಿ, ಕಚ್ಚುವುದನ್ನೂ ಕಲಿಯಲಿ. ನಿನ್ನ ಸೊಸೆಗೆ ಮೈ ತುಂಬಿಕೊಳ್ಳಲಿ. ನಿನ್ನ ಮೊಣಕಾಲು ನೋವನ್ನು ದೇವರು ವಾಸಿಮಾಡಲಿ. ನಿಮ್ಮೆಲ್ಲರ ಹೆಸರು ಹಿಡಿದು ದಿನವೂ ಬೇಡುತ್ತೇನೆ.

ನಿನ್ನ ಪ್ರೀತಿಯ,
ಅಕ್ಕ

ತಾ.ಕ.: ಕೈ ಎತ್ತಿಸಿ ಎಣಿಸಿದರು ಎಂದು ಬರೆದೆನಲ್ಲ, ಅಲ್ಲಿ ಒಂದು ಮಾತು ನುಂಗಿಕೊಂಡೆ. ಗಂಟೆ ಮೇಷ್ಟ್ರಿಗೆ ನಾನೂ ಕೈ ಎತ್ತಿದೆ ಕಣೇ. ಹಗೆಯಿಂದಲ್ಲ. ನನ್ನ ಗಂಡ ನನಗೆ ವಾಪಸ್ಸು ಬೇಕಿತ್ತು. ಕೂತಿದ್ದು ಮುಂದಿನ ಬೆಂಚು. ಹಿಂದಿನಿಂದ ಯಾರೋ "ಅಯ್ಯೋ, ಹೆಂಡ್ತೀನೇ!" ಎಂದರು. ಎಲ್ಲರ ತಲೆ ನನ್ನ ಕಡೆ ತಿರುಗಿತು. ಎತ್ತಿದ ಕೈ ಇಳಿಸಲೂ ಆಗಲಿಲ್ಲ. ಎದುರಿಗೆ ಮೇಜಿನ ಹಿಂದೆ ಕೂತಿದ್ದ ನಿನ್ನ ಭಾವ ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ ತಾವೂ ಕೈ ಎತ್ತಿ, "ಇದು ನಮ್ಮ ಮನೆಯ ತೀರ್ಮಾನ" ಎಂದರು. ಎಂಥ ದೀನತೆ, ಎಂಥ ಜೋಡಿ ಎಂದು ಜನ ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ನಾವು ಆ ವಿಷಯ ಮಾತಾಡಿಯೇ ಇರಲಿಲ್ಲ. ಇವತ್ತಿಗೂ ಮಾತಾಡಿಲ್ಲ. ಅವತ್ತು ದಾರಿಯುದ್ದಕ್ಕೂ ಕಾದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಲಿ, ಬಯ್ಯಲಿ, ನನ್ನ ಬಿಟ್ಟು ನಾಲ್ಕು ಹೆಜ್ಜೆ ಮುಂದಾದರೂ ನಡೆಯಲಿ ಎಂದು. ನನ್ನ ಪಕ್ಕದಲ್ಲೇ ನಡೆದರು. ಮನೆಗೆ ಬಂದು ಟೀ ಮಾಡಿ ಕೈಗಿಟ್ಟು, "ಸುಸ್ತಾಗಿದ್ದೀಯ, ಸ್ವಲ್ಪ ಮಲಕ್ಕೋ" ಎಂದರು. ಊರಿನವರಿಗೆಲ್ಲ ಹೇಳುವುದೂ ಇದೇ ದನಿಯಲ್ಲಿ. ನನ್ನ ಮೇಲೆ ಒಂದು ಸಲ ಸಿಟ್ಟು ಮಾಡಿಕೊಂಡಿದ್ದರೆ, ಸಭೆಯ ಒಬ್ಬಳಲ್ಲ, ಇವರ ಹೆಂಡತಿ ನಾನು ಎಂದುಕೊಳ್ಳುತ್ತಿದ್ದೆ. ಆ ಟೀಗೆ ಸಕ್ಕರೆ ಹಾಕುವುದನ್ನಾದರೂ ಮರೆತಿರಬಾರದೇ ಎಂದು ಕುಡಿದು ನೋಡಿದೆ.

ಮರೆತಿರಲಿಲ್ಲ.